ಹತ್ತನೇ ನಂಬರಿನ ಬೂಟು

ಸಂತೆಪೇಟೆಯಲ್ಲಿ ಅರವತ್ತಕ್ಕೆ ಕೊಂಡೆ,
ಹತ್ತನೇ ನಂಬರಿನ ಬೂಟು.
ಎಡಗಾಲಿನದು ಬಾಯಿ ಬಿಟ್ಟಿತ್ತು.
ರವಿಕೆ ಹೊಲಿದು ಮಿಕ್ಕಿದ್ದ ಹಸಿರು ದಾರದಲ್ಲಿ
ನಾನೇ ಬಾಯಿ ಮುಚ್ಚಿಸಿದೆ.

ರಾತ್ರಿ ಛತ್ರದಲ್ಲಿ ನನಗೆ ಚಪಾತಿ ಲಟ್ಟಿಸುವ ಕೆಲಸ.
ಲೈಟು ಹಾಕಿಟ್ಟು ಹೋಗು, ಕಳ್ಳರು ಬರೋಲ್ಲ
ಅಂದಳು ಪಕ್ಕದ ಮನೆ ಚಿಕ್ಕತಾಯಮ್ಮ.
ಲೈಟಾದರೆ ತಿಂಗಳು ತಿಂಗಳೂ ತಿನ್ನುತ್ತೆ,
ಬೂಟಿಗೆ ಹಸಿವಿಲ್ಲ.

ಹೊಸ್ತಿಲ ಆಚೆ ಬಿಟ್ಟೆ, ಈಗ ತಾನೇ
ಯಾರೋ ಕಳಚಿ ಒಳಗೆ ಹೋದ ಹಾಗೆ.
ದಿನಕ್ಕೊಂದು ದಿಕ್ಕಿಗೆ ತಿರುಗಿಸುತ್ತಿದ್ದೆ.
ಮಳೆ ಬಂದ ದಿನ ಅಂಚಿಗೆ ಕೆಸರು ಮೆತ್ತುತ್ತಿದ್ದೆ.
ಬಾಳೆಹಣ್ಣಿನ ಸಿಪ್ಪೆಯಲ್ಲಿ ಉಜ್ಜಿದರೆ ಮಿರಮಿರ.
ಒಳಗೆ ಏನಿತ್ತು ಅಂತೀರಿ?
ಮುಚ್ಚಳ ಒಡೆದ ಮಿಕ್ಸಿ,
ರಾಗಿ ಡಬ್ಬದ ತಳದಲ್ಲಿ ಮೂರು ಗ್ರಾಂ ಓಲೆ.

ಹಾಲಿನ ಹುಡುಗ ಕೇಳಿದ, "ಅಣ್ಣ ಎದ್ದಿಲ್ವಾ?"
"ನೈಟ್ ಡ್ಯೂಟಿ, ಮಲಗಿದಾರೆ" ಅಂದುಬಿಟ್ಟೆ.
ಆ ಸುಳ್ಳಿಗೆ ಅವತ್ತು
ಅರ್ಧ ಲೀಟರ್ ಹೆಚ್ಚಿಗೆ ತಗೋಬೇಕಾಯ್ತು.

ಮಾಘದ ಒಂದು ನಸುಕಿನಲ್ಲಿ ಬಂದು ನೋಡಿದರೆ
ಬೀಗ ಬೀಗದ ಹಾಗೇ ಇದೆ.
ಬೂಟಿಲ್ಲ.
ಮೆಟ್ಟಿಲ ಮೇಲೆ ಕೂತು ನಕ್ಕೆ.
ಆಮೇಲೆ ಒಳಗೆ ಹೋಗಿ ಎರಡು ಸಲ
ಅಗುಳಿ ಹಾಕಿದೆನಾ ನೋಡಿದೆ.

ವಾರ ಕಳೆದು ಅಗ್ರಹಾರದ ಎಟಿಎಂ ಬಾಗಿಲಲ್ಲಿ
ಸ್ಟೂಲಿನ ಮೇಲೆ ತೂಕಡಿಸುತ್ತಿದ್ದ ಮುದುಕ.
ಪುಟ್ಟ ಪಾದ, ದೊಡ್ಡ ಬೂಟು.
ಕಾಲ್ಚೀಲ ಇರಲಿಲ್ಲ.
ಹಸಿರು ದಾರ ಇತ್ತು.

ಕೊಂಡನೋ, ಯಾರಾದರೂ ಕೊಟ್ಟರೋ, ಕೇಳಲಿಲ್ಲ.
ಕಾವಲಿಗಂತ ತಂದದ್ದು,
ಕಾವಲಿಗೇ ಕೂತಿದೆ.
ದಾರ ಒಂದು ಕಡೆ ಸಡಿಲವಾಗಿತ್ತು.
ನನ್ನ ಚೀಲದಲ್ಲಿ ಸೂಜಿಯೂ ಇತ್ತು.
ಮೊದಲ ಬಸ್ಸು ಬಂತು.