ಐದನೇ ಸುತ್ತು

ಎತ್ತರ ಅಳೆಯುವ ಹಲಗೆಗೂ ಅರ್ಧ ಟಿಕೆಟ್ ಹರಿದ
ಬಳ್ಳಾರಿ ಬಸ್ಸಿನ ಕಂಡಕ್ಟರು.
ರಾಯದುರ್ಗದಲ್ಲಿ ಇಳಿದು, ತೂಕದ ಯಂತ್ರ ಕಂಕುಳಲ್ಲಿ ಅವುಚಿ
ಬೆಟ್ಟದ ಬುಡದ ಓಣಿ ಹಿಡಿದೆ.
ಚರಂಡಿ ಈಗಲೂ ನೀಲಿ.
ಹದಿನಾಲ್ಕು ವರ್ಷದಿಂದ ನೀಲಿ.
ಅದನ್ನು ಬರೆಯಲು ಯಾವ ಸುತ್ತಿನಲ್ಲೂ ಕಾಲಂ ಇರಲಿಲ್ಲ.

ಗುರುತಿನ ಸಂಖ್ಯೆ ನಾನೂರ ಹದಿನೇಳು.
ಹೆಸರು ಮಾರೆಕ್ಕ. ಹೆಸರನ್ನು ಬೇರೆ ಹಾಳೆಯಲ್ಲಿ ಬರೆದು
ಬೇರೆ ಬೀರುವಿನಲ್ಲಿ ಬೀಗ ಹಾಕಿಡುವುದು ನಿಯಮ.

ಪ್ರಶ್ನೆ ತೆಲುಗಿನಲ್ಲಿ ಅಚ್ಚಾಗಿರುತ್ತದೆ.
ನಾನು ಕನ್ನಡದಲ್ಲಿ ಕೇಳುತ್ತೇನೆ (ಅದಕ್ಕೇ ನನ್ನನ್ನು ತೆಗೆದುಕೊಂಡಿದ್ದು,
ಸುತ್ತು ಮುಗಿದರೆ ಕೆಲಸವೂ ಮುಗಿಯುತ್ತದೆ).
ಉತ್ತರ ಅಂಕಿಯಾಗಿ ಹೈದರಾಬಾದಿಗೆ ಹೋಗುತ್ತದೆ.
ಈ ವಾರ ಹೊಟ್ಟೆ ತುಂಬ ಉಂಡಿದ್ದೀಯಾ?
"ಉಂಡೀನಿ" ಅಂದರೆ ಎರಡು.
"ಉಂಡೀನಿ ಬಿಡಕ್ಕ" ಅಂದರೂ ಎರಡೇ.

ಎಂಟು ವರ್ಷದವಳಿಗೆ ಏಣಿಯ ಚಿತ್ರ ತೋರಿಸಿದ್ದೆ.
ಒಂಬತ್ತು ಮೆಟ್ಟಿಲು. ತುದಿಯಲ್ಲಿ ಎಲ್ಲರಿಗಿಂತ ಒಳ್ಳೆ ಬದುಕು,
ತಳದಲ್ಲಿ ಎಲ್ಲರಿಗಿಂತ ಕೆಟ್ಟದ್ದು. ನೀನೆಲ್ಲಿದ್ದೀ?
ತುದಿಗೆ ಬೆರಳಿಟ್ಟಳು. "ಅಲ್ಲಿಂದ ಕ್ವಾಟೆ ಕಾಣತೈತೆ."
ಹನ್ನೆರಡಕ್ಕೆ, ಐದು.
ಹದಿನೈದಕ್ಕೆ, ಶಾಲೆ ಬಿಟ್ಟು ದಾರ ಕತ್ತರಿಸಲು ಕೂತ ವರ್ಷ,
"ಮೂರೋ ನಾಕೋ, ನೀನೇ ಬರ್ಕೊ, ಹೊತ್ತಾತು."
ಹತ್ತೊಂಬತ್ತಕ್ಕೆ, "ಈ ಏಣಿ ಯಾತಕ್ಕೆ ಒರಗಿಸೀರಿ?"
ಚಿತ್ರ ತಿರುಗಿಸಿ ನೋಡಿದೆ.
ಗೋಡೆಯನ್ನು ಯಾರೂ ಬರೆದಿರಲಿಲ್ಲ.

ತಮ್ಮ ಎರ್ರಿಸ್ವಾಮಿಯನ್ನೂ ಅಳೆಯುತ್ತಿದ್ದೆವು, ಎರಡನೇ ಸುತ್ತಿನಿಂದ.
ಬಿಸ್ಕತ್ತಿನ ಪೊಟ್ಟಣ ಕೊಟ್ಟರೆ ಇನ್ನೊಂದು ಸಲ ಅಳೀರಿ ಅನ್ನುತ್ತಿದ್ದ.
ನಾಲ್ಕರಲ್ಲಿ ಅವನಿರಲಿಲ್ಲ.
ಕಾರಣಕ್ಕೆ ಮೂರು ಚೌಕಗಳಿದ್ದವು:
ಊರು ಬಿಟ್ಟಿದ್ದಾರೆ, ಒಪ್ಪಲಿಲ್ಲ, ತೀರಿಕೊಂಡಿದ್ದಾರೆ.
ಮೂರನೆಯದಕ್ಕೆ ಗುರುತು ಹಾಕಿ ಪುಟ ತಿರುಗಿಸಿದೆ.

ಬಾಗಿಲ ಚೌಕಟ್ಟಿನಲ್ಲಿ, ನಾವು ಅಳೆದ ದಿನವೆಲ್ಲ
ಅವರವ್ವ ಇದ್ದಿಲಲ್ಲಿ ಎಳೆದ ಗೆರೆಗಳು.
ಈ ಸಲ ಆಕೆ ಅವನ ಕೊನೆಯ ಗೆರೆಗಿಂತ ಒಂದು ಗೇಣು ಮೇಲೆ
ಅಂಗೈ ಇಟ್ಟು, "ಇಷ್ಟಿರ್ತಿದ್ದ. ಬರ್ಕೊ" ಅಂದಳು.
ಪೆನ್ಸಿಲಿನಲ್ಲಿ, ಅಂಚಿನಲ್ಲಿ, ಬರೆದುಕೊಂಡೆ.
ಮರುದಿನ ಮೇಲ್ವಿಚಾರಕರು ರಬ್ಬರಿನಿಂದ ಒರೆಸಿದರು.
ಬೈಯಲಿಲ್ಲ. ನಿಧಾನವಾಗಿ ಒರೆಸಿದರು.

ಮಾರೆಕ್ಕ ಈಗ ಜೀನ್ಸಿಗೆ ಸೊಂಟಪಟ್ಟಿ ಹೊಲಿಯುತ್ತಾಳೆ,
ಲೆಕ್ಕ ತುಂಡಿನ ಮೇಲೆ. ಇಪ್ಪತ್ತೆಂಟು, ಮೂವತ್ತು, ಮೂವತ್ತೆರಡು,
ಯಾವ ಊರಿನ ಯಾರ ಸೊಂಟವೋ.
ಅವಳ ತೂಕವನ್ನು ನಾನು ಯಾರಿಗೆ ಒಯ್ದು ಕೊಡುತ್ತೇನೋ
ಅವರೂ ಅವಳನ್ನು ಕಂಡವರಲ್ಲ.

ಹೇಳುವ ಮೊದಲೇ ಹಲಗೆಗೆ ಹಿಮ್ಮಡಿ ತಾಗಿಸಿ ನಿಂತಳು.
ಗಲ್ಲ ನೆಟ್ಟಗೆ, ಕಣ್ಣು ನೇರ, ಉಸಿರು ಹಿಡಿದು.
ಎತ್ತರ ಹದಿನೈದರಲ್ಲಿ ಎಷ್ಟಿತ್ತೋ ಅಷ್ಟೇ.
ಇಳಿದವಳು ನನ್ನನ್ನು ಮೇಲಿಂದ ಕೆಳಗೆ ನೋಡಿ,
ಕೊರಳಿನ ಟೇಪು ಮುಟ್ಟದೆಯೇ, "ಮೂವತ್ನಾಕು" ಅಂದಳು.
"ಮದ್ಲು ಬಂದಾಗ ಇಪ್ಪತ್ತೆಂಟಿದ್ದಿ.
ಎರಡ್ನೇ ಸಲ ಕರಿಮಣಿ, ಹೊಸ ಕಾಲುಂಗುರ.
ಮೂರ್ನೇ ಸಲ ಉಂಡೀಯಾ ಅಂತ ಕೇಳ್ದಿ, ನೀನೇ ಉಂಡಿರ್ಲಿಲ್ಲ,
ಕೈ ನಡುಗ್ತಿತ್ತು.
ನಾಕ್ನೇ ಸಲ ಕರಿಮಣಿ ಇರ್ಲಿಲ್ಲ.
ಕೇಳಾನ ಅಂದ್ಕಂಡೆ.
ನನ್ನತ್ರ ಫಾರಂ ಇರ್ಲಿಲ್ಲ."

ಅಷ್ಟರಲ್ಲಿ ಕರೆಂಟು ಬಂತು. ಅವಳು ಎದ್ದು ಹೋದಳು.
ಉಳಿದ ಹನ್ನೊಂದು ಪುಟವನ್ನು
ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ ಕೇಳಿದೆ:
ಮನೆಯಲ್ಲಿ ಕುರ್ಚಿ ಎಷ್ಟು, ಸಾಲ ಎಷ್ಟು, ನಗು ಬರುತ್ತದೆಯೇ,
ಯಾವಾಗಲೂ, ಕೆಲವೊಮ್ಮೆ, ಎಂದೂ ಇಲ್ಲ.
ಕೊನೆಯ ಪುಟದಲ್ಲಿ ಏಣಿ.
ಹಲ್ಲಿನಲ್ಲಿ ದಾರ ಕಚ್ಚಿದ್ದಳು, ಮಾತಾಡಲಾಗಲಿಲ್ಲ.
ಹಾಳೆ ಕಿತ್ತುಕೊಂಡು ಒಂದು ಗಳಿಗೆ ಹಿಡಿದು
ವಾಪಸು ಕೊಟ್ಟಳು.

ಬಸ್ಸಿನಲ್ಲಿ, ಊರಾಚೆಯ ದೀಪಗಳು ಮುಗಿಯುವ ಮುಂಚೆ,
ತೆಗೆದು ನೋಡಿದೆ. ನಾಲ್ಕಕ್ಕೂ ಐದಕ್ಕೂ ನಡುವೆ,
ಮೆಟ್ಟಿಲು ಇಲ್ಲದ ಕಡೆ,
ಹೆಬ್ಬೆರಳಿನ ನೀಲಿ.