ನೀರಾಗಿನ ಮೆಟ್ಟಿಲು

ಗುಂಪಿಗೆ ಹೆಸರಿಟ್ಟಾಂವ ಮೈನುದ್ದೀನ:
‘ಎಂಟನೇ ಬಿ, ಲಕ್ಕುಂಡಿಗೆ ಹೊಂಟೇವಿ.’
ಮನಿಯವರ ನಂಬರೆಲ್ಲ ಅದರಾಗ.
ಹೆಡ್‌ಮಾಸ್ತರು ಮೂರು ಸಲ ಹೇಳಿದ್ದರು ನನಗ:
ಗುಡ್ ಮಾರ್ನಿಂಗ್ ಹೂವು ಬ್ಯಾಡ, ರೀಲ್ಸ್ ಬ್ಯಾಡ,
ಹುಡುಗರ ಕಡೆ ಫೋನ್ ಬ್ಯಾಡs ಬ್ಯಾಡ.
ಹಿಂಗಾಗಿ ಇಡೀ ಬಸ್ಸಿಗೆ ಒಂದs ಫೋನು, ನಂದು,
ಮೂಲ್ಯಾಗ ಒಡದದ್ದು,
ಪಾಳಿ ಹಚ್ಚಿ ಕೈಯಿಂದ ಕೈಗೆ.

ಬರದೇ ಉಳದಾಕಿ ಒಬ್ಬಾಕಿ. ನೀಲಾಂಬಿಕಾ ಹೂಗಾರ.
ಹಳೇ ಹುಬ್ಬಳ್ಳಿಯ ಓಣಿಯೊಳಗ ಅವರವ್ವನ ರೊಟ್ಟಿ ಕೇಂದ್ರ.
ಅವತ್ತ ಮದುವಿ ಆರ್ಡರು, ಎಂಟುನೂರು ಖಡಕ್ ರೊಟ್ಟಿ,
ಎಣಿಸಿ ಕಟ್ಟಾಕ ಒಬ್ಬರು ಬೇಕು.
“ಮುಂದಿನ ವರ್ಷ ಬರ್ತಾಳ್ರಿ ಸರ” ಅಂದಿದ್ಲು ಅವ್ವ,
ಬಡಿಯೋ ಕೈ ನಿಲ್ಲಿಸದ.

ಅಣ್ಣಿಗೇರಿ ತನಕ ಅಂತ್ಯಾಕ್ಷರಿ, ಗದಗ ದಾಟೂದ್ರಾಗ ಒಂದು ವಾಂತಿ.
ಇಳಿದ ಕೂಡ್ಲೆ ಫೋಟೋ:
ಗುಡಿ ಮುಂದ ನಲವತ್ತು ಮಂದಿ, ಗುಡಿ ಕಾಣವಲ್ದು.
ರೊಟ್ಟಿ ಕೇಂದ್ರದಿಂದ ಟಣ್ ಅಂತ ಬಂತು ಉತ್ತರ:
‘ನಿಮ್ಮ ಮಾರಿ ದಿನಾ ನೋಡ್ತೀನಿ. ಸ್ವಲ್ಪ ಸರೀರಿ.’

ಸರದ್ವಿ.

ಆಮ್ಯಾಲೆ ಬಿಡಲಿಲ್ಲ ನೋಡ್ರಿ ಆಕಿ.
ಕಂಬ ಅಷ್ಟು ದುಂಡಗ ಹೆಂಗ ಆತು?
ಕಲ್ಲು ಮುಟ್ಟಿದ್ರ ತಣ್ಣಗೈತೋ, ಬೆಚ್ಚಗೋ?
ಬಾಗಲ ಪಟ್ಟಿಯೊಳಗ ಸಣ್ಣದೊಂದು ಕೈ ಕಾಣ್ತೈತಿ, ಯಾರ ಕೈ?
ಹಿಂದಿನ ಗ್ವಾಡಿ ತೋರಸ್ರಿ, ಮುಂದಿಂದು ಪುಸ್ತಕದಾಗೈತಿ.
ನಡುವs ಒಂದು, ‘ಶೇಂಗಾ ಚಟ್ನಿ ಎರಡು ಕೆಜಿ ಸಂಜಿಗೆ’,
ಅದು ಅವ್ವಂದು, ತಪ್ಪಿ ಬಂದದ್ದು.

ಹನ್ನೊಂದು ವರ್ಷ ಆತು ಹುಡುಗರನ್ನ ಇಲ್ಲಿಗೆ ತರಾಕತ್ತು.
ಹಿಂದಿನ ಗ್ವಾಡಿಗೆ ಹೋದದ್ದು, ಖರೇ ಹೇಳ್ತೀನಿ,
ಒಮ್ಮೆ, ಚಪ್ಪಲಿ ಹುಡುಕಾಕ.
ಕಲ್ಯಾಣದ ಚಾಲುಕ್ಯರು, ಶತಮಾನ, ಶೈಲಿ,
ಒಪ್ಪಿಸಿ, ಚಿತ್ರಾನ್ನಕ್ಕ ಸಾಲಾಗಿ ಕುಂಡ್ರಿಸಿ,
ತಲಿ ಎಣಿಸಿ ಹೊಳ್ಳಿ ಬರಾಂವ.
ಇವತ್ತ ಬಾಗಲದಾಗ ಮೊಣಕಾಲೂರಿ
ಹುಡುಕಿದೆ ಹುಡುಗರ ಕೂಡ
ಆ ಸಣ್ಣ ಕೈಯ ಯಜಮಾನನ್ನ.
ಸಿಗಲಿಲ್ಲ. ಮುಂಗೈಯಿಂದ ಆಚೆ ಎಲ್ಲಾ ಮುರದಿತ್ತು.
‘ಕೈ ಅಷ್ಟs ಉಳದೈತಿ’ ಅಂತ ಬರದ ಕಾರ್ತಿಕ ಬಾರಕೇರ.

ಬಾಳ ಹೊತ್ತಿಗೆ ಒಂದು ಫೋಟೋ ಬಂತು.
ಹಿಟ್ಟು ಮೆತ್ತಿದ ಆಕಿ ಕೈ, ಕಲ್ಲಿನ ಕೈಯಂಗ ಬಗ್ಗಿಸಿದ್ದು,
ಬೆರಳ ನಡುವ ರೊಟ್ಟಿ ಚೂರು.
‘ಏನರ ಹಿಡದಿರಬೇಕು.’

ಮುಸುಕಿನ ಬಾವಿಗೆ ಬರೂದ್ರಾಗ ಬ್ಯಾಟರಿ ಆರು.
‘ಎಷ್ಟು ಮೆಟ್ಟಿಲು?’
ಒಬ್ಬರೂ ಎಣಿಸಿರಲಿಲ್ಲ.
ಮೈನುದ್ದೀನ ಇಳದ, ಏರಿದ. ಸೋನಾಲಿ ಇಳದಳು, ಏರಿದಳು.
ಲೆಕ್ಕ ಹೊಂದಲಿಲ್ಲ. ಜಗಳ.
ಆವಾಗ ಬಸವಂತ, ವರ್ಷಿಡೀ ಬಾಯಿ ತೆಗೀದಾಂವ,
ಫೋನು ಬಾಯಿ ಹತ್ರ ಹಿಡದು ಕೇಳಿದ:
“ನೀರಾಗ ಮುಳುಗಿದ್ದೂ ಎಣಸಬೇಕೇನ?”
ಬಾವಿ ಅವನ ಮಾತನ್ನ ಇನ್ನೊಮ್ಮೆ ಅಂತು.
ಫೋನು ಕಣ್ಣು ಮುಚ್ಚಿತು.

ಸೋಮವಾರ ನೀಲಾ ರೊಟ್ಟಿ ಕಟ್ಟೋ ಖಾಕಿ ಕಾಗದ ತಂದ್ಲು.
ಅದರ ಮ್ಯಾಲೆ ಲಕ್ಕುಂಡಿ, ಪೆನ್ಸಿಲಿನ್ಯಾಗ,
ನಾವು ಕಳಿಸಿದ ಚೂರು ಚೂರು ಜೋಡಿಸಿದ್ದು.
ಕಳಿಸದ ಜಾಗಕ್ಕ ಕಳಿಸಿಲ್ಲ ಅಂತ ಬರದು ಖಾಲಿ ಬಿಟ್ಟಿದ್ಲು.
ಶಿಖರ ಖಾಲಿ. ಅದನ್ನ ಯಾರೂ ತಗದs ಇರಲಿಲ್ಲ.
ಬಾವಿಗೆ ಮೂರು ಮೆಟ್ಟಿಲು, ಆಮ್ಯಾಲೆ ಬರೇ ಕಾಗದ.
“ಸರ, ನೀವು ಎಣಿಸಿದ್ರಿ?”
ಇಲ್ಲವ್ವ, ಅಂದೆ.
ಹಾಜರಿಯೊಳಗ ಶನಿವಾರದ ಮನ್ಯಾಗ ಆಕಿಗೆ ‘ಗೈ’ ಬಿದ್ದಿತ್ತು.
ತಿದ್ದೂ ಹಂಗಿಲ್ಲ.

ಪ್ರವಾಸ ಮುಗೀತು, ಗುಂಪು ತಗದು ಬಿಡ್ರಿ, ಅಂದ್ರು ಹೆಡ್‌ಮಾಸ್ತರು.
ತಗೀಬೇಕಂತ ಸಂಜಿಮುಂದ ತೆರೆದ್ರ
ಬಸವಂತನ ದನಿ ಇನ್ನೂ ಅಲ್ಲೇ ನಿಂತಿತ್ತು, ಹೋಗದ.
ಒತ್ತಿದೆ. ಹೋತು.

‘ಬ್ಯಾಸಿಗ್ಯಾಗ ನೀರು ಇಳೀತಾವ,’ ಅಂತ ಬಂತು.
‘ಆವಾಗ ಹೋಗೂಣು. ಆರ್ಡರ್ ಇಲ್ಲದ ದಿನ.’