ಕಡ್ಡಿಯದೇನೂ ತಪ್ಪಿಲ್ಲ

ಆಯನೂರಿನಿಂದ ಎಂಟೂಕಾಲರ ಬಸ್ಸಿಗೆ
ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ ತಂದಿದ್ದೆ.
ಶಿವಮೊಗ್ಗದ ದುರ್ಗಿಗುಡಿ, ಮೆಟ್ಟಿಲ ಕೆಳಗಿನ ಅಂಗಡಿ,
ಇಬ್ಬರು ನಿಂತರೆ ಮೂರನೆಯವರು ಚರಂಡಿ ಕಲ್ಲಿನ ಮೇಲೆ.
ಇಡ್ಲಿ ತಟ್ಟೆಯ ಗುಳಿಗಳಲ್ಲಿ ಸ್ಕ್ರೂ ವಿಂಗಡಿಸುತ್ತ
ತಬಸ್ಸುಮ್ ಕತ್ತೆತ್ತದೆ ಕೇಳಿದಳು: ಏನಾಗಿದೆ?

ಏನಾಗಿದೆ ಅಂದರೆ,
ಲೈನ್‌ಮನ್ ಹಾಲೇಶಪ್ಪ ರಿಟೈರಾಗಿದ್ದಾರೆ.
ಇಪ್ಪತ್ತು ಅಡಿಯ ಫ್ಲೆಕ್ಸು. ನಡುವೆ ಅವರು, ಏಣಿ, ಹಾರ;
ಕೆಳಗೆ ಶುಭ ಕೋರುವವರು, ಅರವತ್ತೇಳು ತಲೆ.
ಐವತ್ತಾರು ದಾಟಿದರೆ ಪರದೆ ಬಿಳಿಚಿಕೊಂಡು
ಬಾಣದ ಗುರುತು ಬಳೆಯಾಗಿ ಸುತ್ತುತ್ತ ಕೂರುತ್ತದೆ.
ಮೊನ್ನೆ ರಾತ್ರಿ ಹನ್ನೊಂದು ಮಂದಿಯನ್ನು ಅಳಿಸಿದೆ:
ಫೋಟೊ ಮಸುಕಾಗಿದ್ದವರು, ದುಡ್ಡು ಕೊಡದವರು,
ಹೆಸರಿನ ಹಿಂದೆ ಹುದ್ದೆಯಿಲ್ಲದವರು.
ಆಮೇಲೆ ನಿದ್ದೆ ಬರಲಿಲ್ಲ.

ಅದಕ್ಕೇ ತರಿಸಿದ್ದೆ, ಅರ್ಧ ತಿಂಗಳ ದುಡಿಮೆ ಸುರಿದು,
ಮೂವತ್ತೆರಡು ಜಿಬಿಯ ಒಂದೇ ಕಡ್ಡಿ.
ದೊಡ್ಡದು ಹಾಕಿದರೆ ದೊಡ್ಡದಾಗುತ್ತದೆ,
ಅಷ್ಟೇ ನನ್ನ ತರ್ಕ.

ಹಾಕಿದಳು. ಪರದೆ ಅಮಾವಾಸ್ಯೆ.
ಎಲ್ಲೋ ಒಳಗಿಂದ ಕೂಗಿತು, ನಿಲ್ಲಿಸಿತು, ಮತ್ತೆ ಕೂಗಿತು.
'ಹಸಿವಿಲ್ಲ ಅಂತಲ್ಲ,' ಅಂದಳು, 'ಎಣಿಸೋಕೆ ಬರಲ್ಲ.'

ಬೆಸುಗೆ ಕಡ್ಡಿಯ ತುದಿಯಿಂದ ಬೋರ್ಡಿನ ಮೇಲೆ
ಕೂದಲಿಗಿಂತ ತೆಳುವಾದ ಗೆರೆಗಳನ್ನು ತೋರಿಸಿದಳು.
'ಬಾಗಿಲ ಮೇಲೆ ಮೂರೇ ಅಂಕಿಗೆ ಜಾಗ ಇದ್ದರೆ
ಸಾವಿರನೇ ಮನೆಗೆ ಕಾಗದ ಹೇಗೆ ಹೋಗುತ್ತೆ?
ಮನೆ ಇರುತ್ತೆ, ದೀಪಾನೂ ಹಚ್ಚಿರ್ತಾರೆ,
ಕರೆಯೋಕೆ ನಂಬರಿಲ್ಲ.
ಇಲ್ಲಿ ಒಂದು ಗೆರೆ ಹೆಚ್ಚಾದ್ರೆ ಊರು ಇಮ್ಮಡಿ.
ಆ ಗೆರೆ ಕಾರ್ಖಾನೇಲೇ ಎಳೀಬೇಕು,
ನಾನು ಎಳೆಯೋಕಾಗಲ್ಲ.'

ನಾನು ಮ್ಯಾನುಯಲ್ ತೆಗೆದೆ. ಗರಿಷ್ಠ ಹದಿನಾರು, ದಪ್ಪ ಅಕ್ಷರ.
ಈಗಿರುವುದೇ ಹದಿನಾರು, ಎಂಟು ಎಂಟರ ಜೋಡಿ.
ಹಾಗಾದರೆ ಮುಗಿಯಿತಲ್ಲ, ಎಂದೆ.

ಆಗ ಮೊದಲ ಸಲ ನನ್ನ ಮುಖ ನೋಡಿದಳು.
'ಅದು ಬರೆದೋರು ಕಂಡಿದ್ದು.
ಆವತ್ತು ಅವರ ಮೇಜಿನ ಮೇಲೆ ಎಂಟರ ಕಡ್ಡಿ ಇತ್ತು.
ಎರಡು ಹಾಕಿದ್ರು, ನಡೀತು, ಕೂಡಿಸಿ ಅಚ್ಚು ಹಾಕಿಸಿದ್ರು.
ಹದಿನಾರರ ಕಡ್ಡಿ ಪೇಟೆಗೆ ಬರೋ ಹೊತ್ತಿಗೆ
ಈ ಪುಸ್ತಕ ಯಾರು ತಿದ್ದುತ್ತಾರೆ?'

ಹಳೆಯ ಜೋಡಿ ಸಿಕ್ಕಿಸಿ, ಪ್ರೊಸೆಸರಿನ ನಂಬರು ಓದಿ,
ಎಣ್ಣೆ ಜಿಡ್ಡಿನ ನೋಟುಬುಕ್ಕಿನಲ್ಲಿ ಬೆರಳು ಇಳಿಸಿದಳು.
ಅದರಲ್ಲಿ ಅವಳದೇ ಕೈಬರಹ: ಯಾವ ಮಾಡೆಲ್ಲು, ಯಾವ ದಿನ,
ಎಷ್ಟಕ್ಕೆ ಒಪ್ಪಿತು, ಎಷ್ಟಕ್ಕೆ ಮುನಿಯಿತು.
'ವಿಂಡೋಸ್ ಅರವತ್ನಾಕು ಬಿಟ್ಟಿಂದು ತಾನೇ?
ಹಳೇ ಮೂವತ್ತೆರಡಾದ್ರೆ
ನಾಲ್ಕು ಜಿಬಿ ಮೇಲೆ ತುಂಗೆ ತಿರುಗಿಸಿದ್ರೂ ಕುಡಿಯಲ್ಲ.'
ಬಯೋಸಿಗೆ ಹೊಸ ಪಾಠ ಹೇಳಿಸಿದಳು. ಅಷ್ಟರಲ್ಲಿ ಎರಡು ಟೀ.

ಆಮೇಲೆ ಡ್ರಾಯರಿನಿಂದ ಹದಿನಾರರದೊಂದು,
ಮತ್ತೆ ಹದಿನಾರರದೊಂದು. ಟಕ್. ಟಕ್.
ನಾನು ಪರದೆ ನೋಡಲಿಲ್ಲ, ಅವಳ ಹುಬ್ಬು ನೋಡುತ್ತಿದ್ದೆ.

ಮೂವತ್ತೆರಡು.
ಒಂದೇ ಹೆಗಲಿಗೆ ಒಲ್ಲೆ ಎಂದ ಹೊರೆಯನ್ನು
ಎರಡು ಹೆಗಲಿಗೆ ಹಂಚಿದರೆ ಹೊತ್ತುಕೊಂಡಿತು.
'ಇದರ ಮೇಲೆ ಒಂದು ಕಾಳೂ ಇಲ್ಲ,' ಅಂದಳು.
'ಇದು ನಿಜವಾದ ಗಡಿ. ಅದು ಬರೀ ಬರೆದ ಗಡಿ.'

ಅಲ್ಲೇ ಕಲ್ಲಿನ ಮೇಲೆ ಕೂತು ಫೈಲು ತೆರೆದೆ.
ಐವತ್ತೇಳು: ಟಿ.ಸಿ. ಸುಟ್ಟ ರಾತ್ರಿ ಲಾಟೀನು ಹಿಡಿದ ಚೂಡಾಮಣಿ.
ಅರವತ್ತು: ಯಾರ ಮಗ ಎಂದು ಯಾರೂ ಬರೆದುಕೊಡದ ಹುಡುಗ.
ಅರವತ್ತೇಳು. ಫ್ಯಾನು ಗೊರಗೊರ ಅಂದಿತು,
ಬಳೆ ಎರಡು ಸುತ್ತು ಸುತ್ತಿ, ನಿಂತಿತು.
ಎಲ್ಲರೂ ಇದ್ದರು. ಮಸುಕಾದವರು ಮಸುಕಾಗಿಯೇ.

ಮ್ಯಾನುಯಲ್ಲಿನ ಹದಿನಾರರ ಮೇಲೆ ಅವಳು
ನೀಲಿ ಪೆನ್ನಿನಲ್ಲಿ ಅಡ್ಡಗೆರೆ ಎಳೆದು ದಿನಾಂಕ ಹಾಕಿದಳು.
ಕೂಲಿ ಇನ್ನೂರೈವತ್ತು, ಕಡ್ಡಿಗಳ ದುಡ್ಡು ಎರಡು ಕಂತು.

ನಾನು ತಂದದ್ದು ಇನ್ನೂ ನನ್ನ ಬಳಿಯೇ ಇದೆ,
ಬೆಳ್ಳಿ ಬಣ್ಣದ ಚೀಲದಲ್ಲಿ, ವಾಪಸಿನ ಅವಧಿ ಮುಗಿದು.
ಅದರದೇನೂ ತಪ್ಪಿಲ್ಲ.
ಎಣಿಸಬಲ್ಲವರು ಸಿಕ್ಕಿಲ್ಲ, ಅಷ್ಟೆ.